ಬಿದ್ದಳೋ, ಕೆಡವಿದರೋ? ಆಸ್ಪತ್ರೆಯ ಪುಸ್ತಕದಲ್ಲಿ ಹೆಣ್ಣಿನ ಒಂದು ಸಾಲು

(ಹೊಸಪೇಟೆಯಲ್ಲಿ ಮಹಿಳಾ ಸಂಘಗಳ ಸದಸ್ಯೆಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)



ನೀವೆಲ್ಲ ಹಂಪಿಗೆ ಜಾತ್ರೆಗೋ ಹುಣ್ಣಿಮೆಗೋ ಹೋಗಿ ಬಂದವರೇ. ಈ ಸೀಮೆಯ ಊರುಗಳಲ್ಲಿ ಹೊಲದ ಬದುವಿನ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತ ಮಾಸ್ತಿಕಲ್ಲುಗಳನ್ನು ನೋಡಿರುತ್ತೀರಿ. ಕಂಬದಿಂದ ಹೊರಟ ಒಂದು ತೋಳು, ತೋಳಿನ ತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಅದು ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಣ್ಣಿನ ಗುರುತು. 1327ರಲ್ಲಿ ದೆಹಲಿಯ ಸೈನ್ಯ ಕಂಪ್ಲಿಯ ಅರಸನನ್ನು ಮುತ್ತಿದಾಗ ಹೆಂಗಸರು ಬೆಂಕಿಗೆ ಬಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಕೂಡ ಇಲ್ಲಿನ ಸಹಗಮನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಲ್ಲು ಕೆತ್ತಿದವರು ಗಂಡಸರು, ಬರೆದವರೂ ಗಂಡಸರು. ಸುಟ್ಟುಹೋದವಳು ಏನು ಹೇಳಿದಳು ಎನ್ನುವುದು ಎಲ್ಲಿಯೂ ಉಳಿದಿಲ್ಲ. ಕಲ್ಲಿನಲ್ಲಿ ಅವಳ ತೋಳು ಉಳಿಯಿತು, ಬಾಯಿ ಉಳಿಯಲಿಲ್ಲ.

ಅದು ಹಳೆಯ ಕಾಲದ ಮಾತಾಯಿತು ಎನ್ನಬೇಡಿ. ಇವತ್ತು ಕಲ್ಲಿನ ಜಾಗದಲ್ಲಿ ರಿಜಿಸ್ಟರು ಇದೆ. ಆಸ್ಪತ್ರೆಯಲ್ಲಿ ಒಂದು, ಪೊಲೀಸ್ ಠಾಣೆಯಲ್ಲಿ ಒಂದು, ತಹಸೀಲ್ದಾರರ ಕಚೇರಿಯಲ್ಲಿ ಒಂದು, ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ ಒಂದು. ಪೆಟ್ಟು ತಿಂದ ಹೆಣ್ಣು, ಸುಟ್ಟ ಹೆಣ್ಣು, ಸತ್ತ ಹೆಣ್ಣು ಈ ಪುಸ್ತಕಗಳಲ್ಲಿ ಒಂದು ಸಾಲಾಗಿ ಉಳಿಯುತ್ತಾಳೆ. ಆ ಸಾಲನ್ನು ಯಾರು ಹೇಳಿದರು, ಯಾರು ಬರೆದರು, ಎಷ್ಟು ವರ್ಷ ಅದನ್ನು ಕಾಪಾಡಿದರು? ಇವತ್ತು ನಾನು ಮಾತಾಡಬೇಕೆಂದುಕೊಂಡಿರುವುದು ಇಷ್ಟರ ಬಗ್ಗೆಯೇ.

ಪತ್ರಿಕೆಗಳಲ್ಲಿ ನಾವು ದಿನವೂ ಓದುವ ಮೂರು ಸಾಲುಗಳಿವೆ. ‘ಸ್ಟೋವ್ ಸಿಡಿದು ಗೃಹಿಣಿ ಸಾವು.’ ‘ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ.’ ‘ಕಾಲು ಜಾರಿ ಕಾಲುವೆಗೆ ಬಿದ್ದು ಮಹಿಳೆ ಸಾವು.’ ತುಂಗಭದ್ರೆಯ ಕಾಲುವೆ ಹರಿಯುವ ನಮ್ಮ ಊರುಗಳಲ್ಲಿ ಈ ಮೂರನೆಯ ಸಾಲು ಯಾರಿಗೂ ಹೊಸದಲ್ಲ. ಇವುಗಳಲ್ಲಿ ನಿಜವಾದ ಅಪಘಾತವೂ ಇರುತ್ತದೆ, ನಿಜವಾದ ಕಾಯಿಲೆಯೂ ಇರುತ್ತದೆ, ಅದನ್ನು ಇಲ್ಲವೆನ್ನಲಾರೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಅದೇ ಅಡುಗೆಮನೆಯಲ್ಲಿ ಅತ್ತೆಯೂ ಒಲೆ ಹಚ್ಚುತ್ತಾಳೆ, ನಾದಿನಿಯೂ ಹಚ್ಚುತ್ತಾಳೆ. ಸ್ಟೋವು ಮದುವೆಯಾಗಿ ಮೂರೋ ನಾಲ್ಕೋ ವರ್ಷವಾದ ಸೊಸೆಯನ್ನೇ ಹುಡುಕಿಕೊಂಡು ಹೋಗಿ ಸಿಡಿಯುತ್ತದೆಯೆ? ಈಗ ಸೀಮೆಎಣ್ಣೆ ಸ್ಟೋವುಗಳು ಕಡಿಮೆಯಾಗಿವೆ, ಗ್ಯಾಸ್ ಬಂದಿದೆ. ಸಾವು ನಿಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ಲೆಕ್ಕದ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 6,450 ವರದಕ್ಷಿಣೆ ಸಾವುಗಳಾದವು. ಇದು ವರದಕ್ಷಿಣೆ ಸಾವೆಂದು ದಾಖಲಾದವರ ಲೆಕ್ಕ. ಹೊಟ್ಟೆನೋವಿನ ಸಾಲಿಗೆ ಹೋದವರು ಇದರಲ್ಲಿಲ್ಲ.

ಈ ಸಾಲುಗಳನ್ನು ಸುಮ್ಮನೆ ನಂಬಬಾರದೆಂದು ನಮ್ಮ ರಾಜ್ಯದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರು ಹೆಂಗಸರ ಸಂಘಟನೆಗಳೇ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾದ ಗೆಳತಿಯರು ಸುಟ್ಟಗಾಯದ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ಕುಳಿತರು, ಪೊಲೀಸ್ ದಾಖಲೆಗಳನ್ನು ತರಿಸಿ ಓದಿದರು. ಅದೊಂದೇ ನಗರದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹೆಂಗಸರು ಅಸ್ವಾಭಾವಿಕವಾಗಿ ಸಾಯುತ್ತಿದ್ದರು. ಅವರಲ್ಲಿ ಬಹಳ ಮಂದಿಯ ಕಡತ ‘ಅಪಘಾತ’, ‘ಆತ್ಮಹತ್ಯೆ’ ಎಂಬ ಶಿರೋನಾಮೆಯಲ್ಲಿ ಮುಚ್ಚಿಹೋಗುತ್ತಿತ್ತು. ಈ ಗೆಳತಿಯರು ಹೊಸ ಸಾಕ್ಷಿಯನ್ನೇನೂ ಹುಟ್ಟಿಸಲಿಲ್ಲ. ಸರ್ಕಾರದ ಪುಸ್ತಕಗಳನ್ನೇ ಒಂದರ ಪಕ್ಕ ಒಂದು ಇಟ್ಟು ಓದಿದರು, ಅಷ್ಟೇ.

ಇನ್ನು ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳ ವಿಷಯ. ಊರು, ಹೆಸರು ಬೇಡ. ಆಕೆ ಈಗಲೂ ಅದೇ ಸೀಮೆಯಲ್ಲಿ ಬದುಕುತ್ತಿದ್ದಾಳೆ. ಮದುವೆಯಲ್ಲಿ ಕೊಟ್ಟ ಬಂಗಾರ ನಾದಿನಿಯ ಮದುವೆಗೆ ಹೋಯಿತು. ಆಮೇಲೆ ಟ್ರ್ಯಾಕ್ಟರಿಗೆ ದುಡ್ಡು ತಾ ಎಂದು ಶುರುವಾಯಿತು. ಒಂದು ರಾತ್ರಿ ಕೈ ಮುರಿಯಿತು. ಗಂಡ ಮತ್ತು ಅತ್ತೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ‘ಏನಾಯಿತಮ್ಮ?’ ಎಂದು ಕೇಳಿದ್ದು ಆಕೆಯನ್ನು, ಉತ್ತರ ಕೊಟ್ಟವನು ಗಂಡ. ‘ಬಚ್ಚಲದಾಗ ಕಾಲು ಜಾರಿ ಬಿದ್ಲು ಸಾರ್.’ ಚೀಟಿಯಲ್ಲಿ ಅದೇ ಸಾಲು ಬಂತು. ಕೈಗೆ ಪಟ್ಟಿ ಹಾಕಿ ಕಳಿಸಿದರು.

ಒಂದು ವರ್ಷ ಕಳೆಯಿತು. ಎರಡನೆಯ ಸಲ ಕಿವಿಯಿಂದ ರಕ್ತ ಬಂದಾಗ ಆಕೆ ತವರಿಗೆ ಓಡಿಬಂದಳು. ತಾಯಿಯೊಬ್ಬಳೇ ಜೊತೆಗೆ ಹೋದಳು. ಅಲ್ಲಿದ್ದ ನರ್ಸು ‘ಹೆಂಗ ಬಿದ್ಯವ್ವಾ?’ ಎಂದು ಕೇಳಿದಳಂತೆ. ಈಕೆ, ‘ಬಿದ್ದಿಲ್ರಿ ಸಿಸ್ಟರ್, ಕೆಡವಿದ್ರು’ ಅಂದಳು. ನರ್ಸು ಅದನ್ನು ಡಾಕ್ಟರಿಗೆ ಹೇಳಿದಳು. ಡಾಕ್ಟರು ಅದನ್ನು ಎಂ.ಎಲ್.ಸಿ. ಪುಸ್ತಕಕ್ಕೆ, ಎಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಪ್ರಕರಣಗಳ ಪುಸ್ತಕಕ್ಕೆ, ಏರಿಸಿದರು. ‘ಗಂಡ ಕೈಯಿಂದಲೂ ಕಟ್ಟಿಗೆಯಿಂದಲೂ ಹೊಡೆದನೆಂದು ಹೇಳುತ್ತಾಳೆ.’ ಅಷ್ಟೇ, ಒಂದು ಸಾಲು.

ಎರಡು ವರ್ಷದ ಮೇಲೆ ಜೀವನಾಂಶದ ಕೇಸು ನಡೆಯಿತು. ಗಂಡನ ಕಡೆಯವರು ಏನು ತಂದು ಹಾಜರುಪಡಿಸಿದರು ಗೊತ್ತೆ? ಆ ಮೊದಲ ಚೀಟಿ. ‘ನೋಡಿ ಸ್ವಾಮಿ, ಬಚ್ಚಲಲ್ಲಿ ಬಿದ್ದದ್ದನ್ನು ಹೊಡೆದರೆಂದು ಹೇಳುವ ಹೆಂಗಸು ಇವಳು.’ ಹೊಡೆದವನು ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಹೊಡೆಸಿಕೊಂಡವಳ ಹತ್ತಿರ ಏನೂ ಇರಲಿಲ್ಲ. ಎರಡನೆಯ ಸಾಲು ಹುಡುಕಲು ನಾವು ಆಸ್ಪತ್ರೆಗೆ ಮೂರು ಸಲ ತಿರುಗಿದೆವು. ಹಳೆಯ ಪುಸ್ತಕಗಳೆಲ್ಲ ಬೀರುವಿನ ಮೇಲೆ ಗಂಟು ಕಟ್ಟಿ ಇಟ್ಟಿದ್ದವು, ಕೆಲವಕ್ಕೆ ಗೆದ್ದಲು ಹತ್ತಿತ್ತು. ಕೊನೆಗೆ ಒಬ್ಬ ಗುಮಾಸ್ತರು ಕನಿಕರದಿಂದ ಏಣಿ ಹಾಕಿ ಇಳಿಸಿ ಹುಡುಕಿಕೊಟ್ಟರು. ಆ ಸಾಲಿನ ಮೇಲೆ ಆಕೆಗೆ ಜೀವನಾಂಶದ ಆದೇಶ ಸಿಕ್ಕಿತು. ಕೋರ್ಟಿನಿಂದ ಹೊರಗೆ ಬಂದಾಗ ಆಕೆ ಹೇಳಿದ ಮಾತು ನನಗೆ ಈಗಲೂ ಚುಚ್ಚುತ್ತದೆ. ‘ಯಕ್ಕಾ, ಮೊದಲ್ನೇ ಸಲ ನನ್ನ ಯಾರೂ ಕೇಳಲೇ ಇಲ್ಲಲ್ಲ.’

ಆಕೆ ಮೊದಲನೆಯ ಮತ್ತು ಎರಡನೆಯ ಸಲದ ನಡುವೆ ಸತ್ತಿದ್ದರೆ? ಸರ್ಕಾರದ ದಫ್ತರದಲ್ಲಿ ಆಕೆಯ ಸಂಸಾರದ ಕಥೆಯೆಲ್ಲ ಬಚ್ಚಲಿನ ಒಂದು ಸಾಲಾಗಿ ಮುಗಿಯುತ್ತಿತ್ತು.

ಇಲ್ಲಿ ಕಾನೂನಿನ ಒಂದೆರಡು ವಿಷಯ ತಿಳಿದುಕೊಳ್ಳೋಣ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಂ ಬಂದದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ. ಬೀದಿಗಿಳಿದು ಹೋರಾಡಿದ ಹೆಂಗಸರಿಂದಾಗಿ ಬಂದ ಕಲಂಗಳಿವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಕ್ರೌರ್ಯದ ಕಲಂ 85 ಮತ್ತು 86 ಆಗಿದೆ, ವರದಕ್ಷಿಣೆ ಸಾವಿನದು 80 ಆಗಿದೆ. ನಂಬರು ಬದಲಾಯಿತು, ತಿರುಳು ಅದೇ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟು, ಗಾಯದಿಂದ ಅಥವಾ ಅಸಹಜವಾಗಿ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿದರೆ, ಅದು ವರದಕ್ಷಿಣೆ ಸಾವು ಎಂದು ನ್ಯಾಯಾಲಯ ಭಾವಿಸಬೇಕು.

‘ತೋರಿಸಿದರೆ’ ಎನ್ನುವ ಮಾತನ್ನು ಗಮನಿಸಿ. ಹಿಂಸೆ ನಡೆದದ್ದನ್ನು ತೋರಿಸುವವರು ಯಾರು? ಸತ್ತವಳು ಬರುವುದಿಲ್ಲ. ಓಣಿಯವರು ‘ನಮಗೇನೂ ಗೊತ್ತಿಲ್ಲ’ ಎನ್ನುತ್ತಾರೆ. ತವರಿನವರ ಮಾತನ್ನು ‘ಸಿಟ್ಟಿನಿಂದ ಹೇಳುತ್ತಾರೆ’ ಎಂದು ತಳ್ಳಿಹಾಕುತ್ತಾರೆ. ಉಳಿಯುವುದು ಕಾಗದ. ಹೊಸ ವೈದ್ಯರಿಗೂ ಗೊತ್ತಿರುವ ಒಂದು ನಿಯಮವಿದೆ. 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ವೈದ್ಯರು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಪೊಲೀಸ್ ಪ್ರಕರಣವಾಗಿದ್ದರೆ ಕಾಗದವನ್ನು ಮುಂದಕ್ಕೂ ಕಾಪಾಡುತ್ತಾರೆ. ‘ಬಿದ್ದಳು’ ಎಂದು ಬರೆದ ಚೀಟಿ ಪ್ರಕರಣವೇ ಆಗುವುದಿಲ್ಲವಲ್ಲ! ಅದನ್ನು ಕಾಪಾಡುವ ಹೊಣೆ ಮೂರು ವರ್ಷಕ್ಕೆ ಮುಗಿಯುತ್ತದೆ. ಕಾನೂನು ನೋಡುವುದು ಏಳು ವರ್ಷ, ಕಾಗದ ಉಳಿಯುವುದು ಮೂರು ವರ್ಷ. ಈ ನಾಲ್ಕು ವರ್ಷದ ಸಂದಿಯಲ್ಲಿ ಎಷ್ಟು ಹೆಂಗಸರ ಸಾಕ್ಷಿ ಬಿದ್ದುಹೋಗಿರಬಹುದು, ಯೋಚಿಸಿ.

ಸುಟ್ಟಗಾಯದ ಮಾತಂತೂ ಇನ್ನೂ ಕಠಿಣ. ಸಂಡೂರಿನಲ್ಲೋ ಕಂಪ್ಲಿಯಲ್ಲೋ ಸುಟ್ಟವಳನ್ನು ಮೊದಲು ಅಲ್ಲಿನ ಆಸ್ಪತ್ರೆಗೆ ತರುತ್ತಾರೆ, ಅಲ್ಲಿಂದ ಹೊಸಪೇಟೆಗೋ ಬಳ್ಳಾರಿಗೋ ಕಳಿಸುತ್ತಾರೆ. ಮೊದಲ ಜಾಗದಲ್ಲಿ ಯಾರೋ ಹೇಳಿದ ‘ಸ್ಟೋವ್ ಸಿಡಿದು’ ಎಂಬ ಸಾಲು ಚೀಟಿಯ ಜೊತೆಗೇ ಪ್ರಯಾಣ ಮಾಡುತ್ತದೆ. ಮುಂದಿನವರು ಅದನ್ನೇ ನಕಲು ಮಾಡುತ್ತಾರೆ. ಆಕೆ ಬಾಯಿ ಬಿಡುವ ಹೊತ್ತಿಗೆ ಸುತ್ತ ನಿಂತವರು ಗಂಡನ ಮನೆಯವರೇ. ‘ಮಗೂನ ನೋಡ್ಕೋಬೇಕಲ್ಲ, ಸುಮ್ನಿರು’ ಎನ್ನುತ್ತಾರೆ. ಸಾಯುವವಳು ಮಗುವಿಗಾಗಿ ಸುಳ್ಳು ಹೇಳುತ್ತಾಳೆ. ಮರಣಕಾಲದ ಹೇಳಿಕೆಯನ್ನು ವೈದ್ಯರೂ ಬರೆದುಕೊಳ್ಳಬಹುದು, ಅದು ಸಾಕ್ಷಿಯಾಗುತ್ತದೆ. ಹೇಳಿಕೆ ಬರೆಯುವಾಗ ನೆಂಟರನ್ನು ಹೊರಗೆ ಕಳಿಸಿ ಎಂದು ಹೇಳಲು ದೊಡ್ಡ ಅಧಿಕಾರ ಬೇಕಿಲ್ಲ, ಒಂದಿಷ್ಟು ಧೈರ್ಯ ಸಾಕು.

ಇನ್ನು ನಮ್ಮದೇ ಇಲಾಖೆಯ ಮಾತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ನಾವು ಸಿ.ಡಿ.ಪಿ.ಒ. ಎನ್ನುವವರು, ಅದರ ಸಂರಕ್ಷಣಾಧಿಕಾರಿಗಳಾಗಿದ್ದಾರೆ. ಅಂಗನವಾಡಿಯ ಅಕ್ಕಿ-ಬೇಳೆ ಲೆಕ್ಕ ನೋಡುವ ಅದೇ ಕಚೇರಿಯಲ್ಲಿ ಹೆಣ್ಣಿನ ಪೆಟ್ಟಿನ ಲೆಕ್ಕವೂ ಇರಬೇಕು. ಅದಕ್ಕೆ ಕೌಟುಂಬಿಕ ಘಟನೆಯ ವರದಿ ಎಂಬ ನಮೂನೆ ಇದೆ. ಯಾವ ದಿನ, ಎಲ್ಲಿ, ಯಾರು, ಏನು ಮಾಡಿದರು, ಯಾವ ಸಾಮಾನು ಕಸಿದುಕೊಂಡರು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಈ ಕಾಯಿದೆಯ ನಿಯಮ ಇನ್ನೂ ಒಂದು ಮಾತು ಹೇಳುತ್ತದೆ. ಪೆಟ್ಟು ತಿಂದು ಬಂದವಳಿಗೆ ವರದಿ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಆ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನು ಆಕೆಗೆ ಪುಕ್ಕಟೆ ಕೊಡಬೇಕು. ಇದು ಯಾರೋ ಮಾಡುವ ಉಪಕಾರವಲ್ಲ, ನಿಯಮ.

ನಿಯಮ ಎಷ್ಟು ನಡೆಯುತ್ತಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆಂದು ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡ 20.6 ಇತ್ತು. ಹಿಂಸೆಯೇ ಅಷ್ಟು ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ದೇಶದ ಲೆಕ್ಕದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಎಲ್ಲಿಯಾದರೂ ಸಹಾಯ ಕೇಳಿದವರು ಶೇಕಡ 14 ಮಾತ್ರ. ಎಂದರೆ ಮನೆಗೆ ಬಂದು ಕುಳಿತು ಗುಟ್ಟಾಗಿ ಕೇಳಿದರೆ ಹೆಣ್ಣು ಹೇಳುತ್ತಾಳೆ, ತಾನಾಗಿ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ನಿಮ್ಮ ತಾಲ್ಲೂಕಿನ ಕಚೇರಿಯಲ್ಲಿ ಈ ನಮೂನೆಗಳು ವರ್ಷಕ್ಕೆ ಎಷ್ಟು ತುಂಬುತ್ತವೆ ಎಂದು ಹೋಗಿ ಕೇಳಿ. ನಿಮ್ಮ ಓಣಿಯಲ್ಲಿ ನಿಮಗೇ ಗೊತ್ತಿರುವ ಮನೆಗಳನ್ನು ಎಣಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪಟ್ಟಿಯಲ್ಲಿ ಇಲ್ಲದವಳು ಸರ್ಕಾರದ ಪಾಲಿಗೆ ಇಲ್ಲವೇ ಇಲ್ಲ ಎನ್ನುವುದನ್ನು ನಮ್ಮ ಸೀಮೆಯ ದೇವದಾಸಿ ಅಕ್ಕಂದಿರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಬಳ್ಳಾರಿ ಸೀಮೆ ಮದರಾಸಿನಲ್ಲಿದ್ದಾಗಲೇ, 1947ರಲ್ಲಿ, ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾನೂನು ಬಂತು. ಕರ್ನಾಟಕದ್ದು 1982ರ ಕಾಯಿದೆ. ಮಹಿಳಾ ಅಭಿವೃದ್ಧಿ ನಿಗಮ 1993-94ರಲ್ಲಿ ಎಣಿಸಿದಾಗ ರಾಜ್ಯದಲ್ಲಿ 22,873 ದೇವದಾಸಿಯರು ಸಿಕ್ಕರು. 2007-08ರಲ್ಲಿ ಮತ್ತೆ ಎಣಿಸಿದಾಗ ಒಟ್ಟು 46,660 ಆಯಿತು. ನಡುವೆ ಹೊಸದಾಗಿ ಮುತ್ತು ಕಟ್ಟಿಸಿಕೊಂಡವರು ಇದ್ದಿರಬಹುದು. ಆದರೆ ದುಡಿಯಲು ಊರು ಬಿಟ್ಟು ಹೋದವರು, ನಾಚಿಕೆಯಿಂದ ಹೆಸರು ಹೇಳದವರು ಮೊದಲ ಎಣಿಕೆಯಲ್ಲಿ ಬಿಟ್ಟುಹೋಗುವುದು ಎಷ್ಟು ಸುಲಭ! ಬಿಟ್ಟುಹೋದವಳಿಗೆ ಅಷ್ಟು ವರ್ಷ ಮಾಸಾಶನವಿಲ್ಲ, ಮನೆಯಿಲ್ಲ. ಆಕೆಯ ಮಕ್ಕಳು ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಕಲಂ ಮುಂದೆ ನಿಂತು ಅತ್ತಿದ್ದಾರೆ. ಈ ಮಕ್ಕಳ ಹಕ್ಕುಗಳ ಬಗ್ಗೆ ವಿಧಾನಮಂಡಲ ಹೊಸ ಮಸೂದೆಯನ್ನು ಅಂಗೀಕರಿಸಿದ್ದು 2025ರಲ್ಲಿ.

ದಾಖಲೆ ಹುಡುಕುವುದು ನಮ್ಮ ಕಡೆ ಇನ್ನೊಂದು ಕಾರಣಕ್ಕೂ ಕಷ್ಟ. ನಾವು ಕೂತಲ್ಲೇ ಕೂತಿದ್ದೇವೆ, ಕಚೇರಿಗಳು ಮಾತ್ರ ಜಾಗ ಬದಲಿಸುತ್ತಲೇ ಇವೆ. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿತ್ತು, 1949ರಲ್ಲಿ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ನಮ್ಮ ಅಜ್ಜಿಯರ ಕಾಲದ ಕಾಗದ ಬೇಕೆಂದರೆ ಚೆನ್ನೈನ ಪತ್ರಾಗಾರದವರೆಗೆ ಹೋಗಬೇಕಾದೀತು. ಕಂಪ್ಲಿ ಮೊನ್ನೆ ಮೊನ್ನೆಯವರೆಗೆ ಹೊಸಪೇಟೆ ತಾಲ್ಲೂಕಿನಲ್ಲಿತ್ತು, 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ ಮತ್ತು ಹಂಪಿ ಅದರಲ್ಲಿವೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿಯ ಹೆಣ್ಣುಮಗಳು ಹತ್ತು ವರ್ಷದ ಹಿಂದೆ ಕೊಟ್ಟ ಅರ್ಜಿ ಹೊಸಪೇಟೆಯ ಗಂಟಿನಲ್ಲಿದೆಯೋ, ಬಳ್ಳಾರಿಗೆ ಹೋಯಿತೋ? ‘ಇಲ್ಲಿ ಇಲ್ಲಮ್ಮ, ಅಲ್ಲಿ ಕೇಳು’ ಎನ್ನುವ ಮಾತಿಗೆ ಬಸ್ ಚಾರ್ಜು ಕೊಡುವವಳು ಅವಳೇ. ಜಿಲ್ಲೆ ಒಡೆಯುವಾಗ ನಕ್ಷೆ, ನೌಕರರು, ಪೀಠೋಪಕರಣ ಹಂಚಿಕೆಯಾದದ್ದನ್ನು ನೋಡಿದೆವು. ಹೆಂಗಸರ ಕಡತ ಯಾವ ಕಚೇರಿಯಲ್ಲಿದೆ ಎಂಬ ಪಟ್ಟಿಯನ್ನು ಗೋಡೆಗೆ ಹಚ್ಚಿ ಎಂದು ನಾವು ಒತ್ತಾಯಿಸಬೇಕು.

ಹಾಗಾದರೆ ಏನು ಮಾಡೋಣ? ಇಲ್ಲಿರುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಕೆಲಸವಿದೆ.

ಅಂಗನವಾಡಿ ಮತ್ತು ಆಶಾ ಅಕ್ಕಂದಿರೇ, ತಾಯಿ ಕಾರ್ಡು ತುಂಬುವವರು, ತುಂಬಿಸುವವರು ನೀವು. ಮದುವೆಯ ವರ್ಷ, ಬಸಿರು, ಗರ್ಭಪಾತ, ತೂಕ ಎಲ್ಲ ನಿಮಗೆ ಗೊತ್ತು. ಬಸುರಿಯ ಹೊಟ್ಟೆಯ ಮೇಲೆ ಪೆಟ್ಟಿನ ಗುರುತು ಮೊದಲು ಕಾಣುವುದೂ ನಿಮಗೇ. ಆಸ್ಪತ್ರೆಗೆ ಜೊತೆಗೆ ಹೋದಾಗ ಆಕೆಯನ್ನು ಒಬ್ಬಳೇ ಇರುವಾಗ ಕೇಳಿ, ಡಾಕ್ಟರಿಗೆ ಆಕೆಯ ಬಾಯಿಂದಲೇ ಹೇಳಿಸಿ.

ನರ್ಸ್ ಅಕ್ಕಂದಿರಿಗೆ ನಮ್ಮ ಬೇಡಿಕೆ ಇಷ್ಟೇ: ಗಂಡನನ್ನು ಐದು ನಿಮಿಷ ಹೊರಗೆ ಕಳಿಸಿ.

ಸಂಘದ ಹೆಂಗಸರೇ, ಚೀಟಿಯ ಪ್ರತಿ ತೆಗೆಸಿ, ತಾರೀಖು ಮತ್ತು ನಂಬರು ಬರೆದಿಟ್ಟುಕೊಳ್ಳಿ. ಮೂಲ ಕಾಗದವನ್ನು ಗಂಡನ ಮನೆಯ ಟ್ರಂಕಿನಲ್ಲಿ ಬಿಡಬೇಡಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು, ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಡ. ಮದುವೆಯಲ್ಲಿ ಕೊಟ್ಟ ಸಾಮಾನಿನ ಪಟ್ಟಿ ಬರೆದು ಎರಡೂ ಕಡೆಯವರು ಸಹಿ ಹಾಕಬೇಕೆಂದು 1985ರಿಂದಲೇ ನಿಯಮವಿದೆ. ಮುಯ್ಯಿ ಬರೆಯಲು ಪುಸ್ತಕ ಹಿಡಿದು ಕೂರುವ ನಮ್ಮ ಮದುವೆ ಮನೆಗಳಲ್ಲಿ ಈ ಪಟ್ಟಿ ಬರೆದದ್ದನ್ನು ನೀವು ಎಷ್ಟು ಕಡೆ ಕಂಡಿದ್ದೀರಿ? ವರದಕ್ಷಿಣೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಪ್ರೀತಿಯಿಂದ ಕೊಟ್ಟ ಉಡುಗೊರೆಯಾದರೆ ಬರೆಯಲು ಅಂಜಿಕೆ ಏಕೆ?

ಒಂದು ಎಚ್ಚರಿಕೆಯೂ ಬೇಕು. ದಾಖಲೆ ಹೆಣ್ಣನ್ನು ಕಾಯುವಂತೆ ಕೊಲ್ಲಲೂಬಹುದು. ‘ನಿನ್ನ ಸೊಸೆ ಕಚೇರಿಗೆ ಬಂದು ಹೀಗೆ ಬರೆಸಿದಳು’ ಎಂದು ಒಬ್ಬ ಸಿಬ್ಬಂದಿ ಊರಿಗೆ ಸುದ್ದಿ ಮುಟ್ಟಿಸಿದರೆ ಆ ರಾತ್ರಿ ಆಕೆಯ ಗತಿ ಏನು? ಆಕೆ ಒಪ್ಪದೆ ಆಕೆಯ ಕಾಗದ ಇನ್ನೊಬ್ಬರ ಕೈಗೆ ಹೋಗಬಾರದು. ನಾವೂ ಅಷ್ಟೇ, ಸಂಘದ ಸಭೆಯಲ್ಲಿ ಕೇಳಿದ್ದನ್ನು ನೀರಿನ ನಲ್ಲಿಯ ಹತ್ತಿರ ಹೇಳಬಾರದು. ಕಾಗದ ಭದ್ರವಾಗಿರಬೇಕು, ಗುಟ್ಟಾಗಿಯೂ ಇರಬೇಕು. ಅದರ ಯಜಮಾನಿ ಆಕೆಯೇ.

ಮನೆಗೆ ಹೋಗುವಾಗ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಿ. ಮುಂದಿನ ಸಲ ನಿಮ್ಮ ಓಣಿಯ ಯಾವುದಾದರೂ ಹೆಣ್ಣುಮಗಳು ಕೈಗೆ ಪಟ್ಟಿ ಕಟ್ಟಿಕೊಂಡು ಬಂದರೆ ‘ಅಯ್ಯೋ ಪಾಪ, ಬಿದ್ಯೇನು?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಸುಳ್ಳು ಉತ್ತರವನ್ನು ನಾವೇ ಅವಳ ಬಾಯಿಗೆ ಇಟ್ಟಂತೆ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ‘ಏನಾಯ್ತವ್ವಾ?’ ಎಂದು ಕೇಳಿ. ಹೇಳಿದರೆ, ಜೊತೆಗೆ ಹೋಗಿ, ಬರೆಸಿ.